ಒಂದು ಮೊಗುರ, ಒಂದು ಡಬ್ಬ ಯೋಕನ್

ಅಕ್ಟೋಬರ್ 9

ಫಲಿತಾಂಶ ಬಂತು. ಕಾರನ್ನು ಮ್ಯೂಸಿಯಮ್ಮಿನ ಹಿಂದೆ ನಿಲ್ಲಿಸಿಕೊಂಡು, ಗಾಜು ಏರಿಸಿ, ಒಬ್ಬಳೇ ಜೋರಾಗಿ ಕಿರುಚಿದೆ. ಆಚೆ ಎಲೆ ಗುಡಿಸುತ್ತಿದ್ದಾಕೆ ಬೆಚ್ಚಿ ಪೊರಕೆ ಕೈಬಿಟ್ಟಳು. ಕೆಳಗಿಳಿದು ಅವಳ ಕ್ಷಮೆ ಕೇಳಿದೆ. ನನ್ನ ಬಾಳೇ ಇಷ್ಟು, ಸಂತೋಷಪಟ್ಟಿದ್ದಕ್ಕೂ ಕ್ಷಮೆ ಕೇಳುತ್ತೇನೆ.

ನಾನಿರುವ ಹಿನೊತಾನಿ ಊರಿನ ಮೊಗುರ, ನೆಲದೊಳಗೆ ಸುರಂಗ ಕೊರೆದು ಬಾಳುವ ಆ ಇಲಿಯಂಥ ಪುಟ್ಟ ಜೀವಿ, ಬೇರೆಯೇ ಪ್ರಾಣಿ! ಕಮರಿಯ ಕೆಳಗಿನ ಬಯಲಿನ ಮೊಗುರಕ್ಕೂ ಇದಕ್ಕೂ ಡಿಎನ್‌ಎ ಅಕ್ಷರಗಳಲ್ಲಿ ನೂರಕ್ಕೆ ಎಂಟು ವ್ಯತ್ಯಾಸ. ಹೊರಗಿನಿಂದ ಎರಡೂ ಒಂದೇ ಅಚ್ಚು. ಅದೇ ಮಖಮಲ್ಲಿನ ಮೈ, ಅದೇ ಸಲಿಕೆಯಂಥ ಕೈ, ಕಣ್ಣಿರಬೇಕಾದ ಕಡೆ ಅದೇ ಬರಿಯ ಕೂದಲು. ಹಲ್ಲು ಎಣಿಸಿದರೂ ಗೊತ್ತಾಗುವುದಿಲ್ಲ. ನಡುವೆ ಒಂದು ಬಂಡೆಗಲ್ಲಿನ ಕಮರಿ, ಅದರ ಆಚೆಗೊಂದು ಈಚೆಗೊಂದು, ಲಕ್ಷಾಂತರ ವರ್ಷ ಪರಸ್ಪರ ಮುಖ ನೋಡದೆ ಮಣ್ಣು ಅಗೆದುಕೊಂಡು ಬಂದಿವೆ.

ವಿಭಾಗದ ಮುಖ್ಯಸ್ಥ ಹಿರಾಮತ್ಸು ಕಾಗದವನ್ನು ಎರಡು ಸಲ ಓದಿದರು. "ಚೆನ್ನಾಗಿದೆ. ಆದ್ರೆ ಕುರಾತೊಮಿ-ಸಾನ್, ನಿಮ್ಮ ಹತ್ರ ಇರೋದು ಮೂರೇ ಮೂರು. ಅದೂ ಇಕ್ಕಳದ ಬೋನಿಗೆ ಸಿಕ್ಕಿ ತಲೆ ಜಜ್ಜಿ ಹೋಗಿರೋವು. ಇಷ್ಟಕ್ಕೇ ಹೊಸ ಹೆಸರು ಇಡ್ತೀವಿ ಅಂದ್ರೆ ನಗ್ತಾರೆ. ಇನ್ನಷ್ಟು ತನ್ನಿ. ಒಂದಾದ್ರೂ ತಲೆಬುರುಡೆ ಮುಕ್ಕಾಗದೆ ಇರೋದು ಬೇಕು. ಅದು ಸಿಕ್ರೆ ನಿಮ್ಮ ಕೆಲಸ ಮುಂದುವರಿಸೋ ವಿಷಯಾನೂ ಮಾತಾಡಬಹುದು." ನನ್ನ ಕರಾರು ಮಾರ್ಚ್ ಕೊನೆಗೆ ಮುಗಿಯುತ್ತದೆ. ಅದನ್ನವರು ಬಾಯಿಬಿಟ್ಟು ಹೇಳಲಿಲ್ಲ, ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು.

"ಖಂಡಿತ ತರ್ತೀನಿ" ಅಂದೆ. ಇಲ್ಲ ಎನ್ನುವ ಮಾತು ನನ್ನ ಬಾಯಿಗೆ ಬರುವುದೇ ಇಲ್ಲ. ಬಾಗಿಲಿಗೆ ಬಂದ ಮಾರಾಟದವನಿಂದ ನೀರು ಸೋಸುವ ಯಂತ್ರ ಎರಡು ಕೊಂಡವಳು ನಾನು. ಇರುವುದು ಒಂದೇ ನಲ್ಲಿ.

ಅಕ್ಟೋಬರ್ 16

ಊರಿನ ಸಭಾಮನೆಯಲ್ಲಿ ಎಲ್ಲರ ಮುಂದೆ ನಿಂತು ಕೇಳಿಕೊಂಡೆ. ಕೊಯ್ಲು ಮುಗಿದು ಗಂಡಸರು ಶೋಚು ಕುಡಿದು ಖುಷಿಯಲ್ಲಿದ್ದರು.

"ಅಲ್ಲಾ ಸೆನ್ಸೆ, ಮೊಗುರ ಅಂದ್ರೆ ಇಲಿ ತಾನೆ?" ಎಂದು ಹಿಂದಿನಿಂದ ಒಬ್ಬ. ಓದಿದವಳೆಂದು ಇಲ್ಲಿ ಎಲ್ಲರಿಗೂ ನಾನು ಸೆನ್ಸೆ, ಅಂದರೆ ಮೇಡಂ.

"ಇಲಿ ಅಲ್ಲ. ಬೇರು, ಕಾಳು ಏನೂ ಮುಟ್ಟಲ್ಲ. ಎರೆಹುಳ ತಿನ್ನುತ್ತೆ ಅಷ್ಟೇ."

"ತಿನ್ನದಿದ್ರೇನು, ಬದು ತೂತು ಮಾಡುತ್ತಲ್ಲ! ನನ್ನ ಗದ್ದೆ ನೀರೆಲ್ಲ ಹರಿದು ಕೊಗಾ ಮನೆಯವರ ಗದ್ದೆಗೆ ಹೋಗುತ್ತೆ. ಅವರೋ, ಒಂದು ಥ್ಯಾಂಕ್ಸೂ ಹೇಳಲ್ಲ."

ಎಲ್ಲ ನಕ್ಕರು. ಊರಿನ ಯಜಮಾನ ಎತೊ-ಸಾನ್ ಲೋಟ ಕೆಳಗಿಟ್ಟು, "ಹುಟ್ಟಿದಾಗಿಂದ ಪ್ರತಿ ಜನವರೀಲೂ ಹುಲ್ಲಿನ ಕಟ್ಟು ಹಿಡ್ಕೊಂಡು ನೆಲ ಬಡಿದು ಅದನ್ನ ಓಡಿಸ್ತಾನೇ ಇದೀವಿ. ಈಗ ನೀವು ಬಂದು ಬೇಕು ಅಂತೀರಿ. ಕಣ್ಣಿಲ್ಲದ ಪ್ರಾಣಿ ಮೇಲೆ ಭಾರೀ ಕಣ್ಣಿಟ್ಟಿದೀರಿ ಬಿಡಿ!" ಎಂದರು.

"ಸಿಕ್ಕಷ್ಟು ಕೊಡಿ. ದಯವಿಟ್ಟು ಒಂದನ್ನೂ ಎಸೀಬೇಡಿ" ಎಂದು ಮೂರು ಸಲ ಬಗ್ಗಿ ನಮಸ್ಕರಿಸಿದೆ.

ಮನೆಗೆ ಬಂದು ನಕ್ಷೆ ಹರಡಿ ಅಂದಾಜು ಮಾಡಿದೆ. ಸುತ್ತಲೂ ದೇವದಾರು ಕಾಡಿನ ಕಲ್ಲುನೆಲ, ಕೆಳಗೆ ಕಮರಿ. ಅವು ಇರುವುದು ನಡುವಿನ ಈ ತಟ್ಟೆಯಗಲದ ಗದ್ದೆಬಯಲಿನಲ್ಲಿ ಮಾತ್ರ. ಒಂದೊಂದೂ ಒಂಟಿ, ತನ್ನ ಸುರಂಗಕ್ಕೆ ಇನ್ನೊಂದನ್ನು ಸೇರಿಸದು. ಐವತ್ತು ಇದ್ದರೆ ಹೆಚ್ಚು. ಹತ್ತು ಮಾದರಿ ತೆಗೆದರೆ ಏನೂ ಆಗುವುದಿಲ್ಲ.

ಅಕ್ಟೋಬರ್ 25

ಮೊದಲನೆಯದು ಸಿಕ್ಕಿತು, ಪಕ್ಕದ ಮನೆ ಶಿಗೆನೊ ಅಜ್ಜಿಯಿಂದ. ನಾನಿರುವ ಮನೆ ಅವರ ತೀರಿಕೊಂಡ ತಂಗಿಯದು, ಬಾಡಿಗೆ ಬೇಡವೆಂದು ಬಿಟ್ಟುಕೊಟ್ಟಿದ್ದಾರೆ. ಅಜ್ಜಿ ಅಡುಗೆಮನೆಯ ಕಡೆಯಿಂದ ಕೂಗಿದರು. "ಸೆನ್ಸೆ, ಇದೀಯಾ? ಬಾ, ನಿನಗೆ ಗಂಡು ತಂದಿದೀನಿ. ಕಣ್ಣಿಲ್ಲ, ನೀನು ಹೇಗಿದ್ರೂ ಒಪ್ಕೋತಾನೆ!"

ಮೆರುಗೆಣ್ಣೆಯ ತಟ್ಟೆಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಮೊಗುರ, ಪಕ್ಕದಲ್ಲಿ ನಾಲ್ಕು ಪರ್ಸಿಮನ್ ಹಣ್ಣು. ತಲೆ ಪೂರ್ತಿ ಜಜ್ಜಿ ಹೋಗಿತ್ತು. ಆದರೂ ಅವರ ಕೈ ಹಿಡಿದು ಕುಣಿದುಬಿಟ್ಟೆ. ಬಂದವರ ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದೆಂದು ಅಮ್ಮ ಕಲಿಸಿದ್ದಾಳೆ. ಸಂಜೆ ಹೋಗಿ ಓಗಿ ಪಟ್ಟಣದ ಯೋಕನ್, ಕಾಳಿನ ಗಟ್ಟಿ ಹಲ್ವದಂಥ ಸಿಹಿ, ಒಂದು ಡಬ್ಬ ಇಟ್ಟು ತಟ್ಟೆ ಕೊಟ್ಟು ಬಂದೆ.

ನವೆಂಬರ್ 2

ನಿನ್ನೆ ಅಜ್ಜಿ ಎರಡು ಮೊಗುರ ತಂದರು.

"ಅಯ್ಯೋ ಅಜ್ಜಿ, ಇಷ್ಟೊಂದು ಯಾಕೆ?"

"ಅಷ್ಟು ದೊಡ್ಡ ಡಬ್ಬ ತಿಂದು ಸುಮ್ನಿರೋಕಾಗುತ್ತಾ? ನಮ್ಮನೆಯವರನ್ನ ಏನಂದ್ಕೊಂಡಿದೀಯ?"

ನಾನು ಇನ್ನೊಂದು ಡಬ್ಬ ಕೊಟ್ಟೆ. ಅದನ್ನು ಹಿಡಿದುಕೊಂಡು ಹೋಗುವಾಗ ಎತೊ-ಸಾನ್ ಹೆಂಡತಿ ನೋಡಿದರಂತೆ. ಇವತ್ತು ಬೆಳಿಗ್ಗೆ ಎತೊ-ಸಾನ್ ಖುದ್ದು ಬಂದರು, ಟೋಪಿ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಒಂದು. ಅವರಿಗೂ ಡಬ್ಬ ಕೊಟ್ಟೆ. ಕೊಡದಿದ್ದರೆ ಚೆನ್ನಾಗಿರುತ್ತದೆಯೇ?

ನವೆಂಬರ್ 13

ಹತ್ತು ದಾಟಿತು! ಫ್ರಿಜ್ಜಿನಿಂದ ನೂಡಲ್ಸ್ ಪೊಟ್ಟಣಗಳನ್ನು ತೆಗೆದು ಮೊಗುರಗಳಿಗೆ ಜಾಗ ಮಾಡಿದೆ. ಪ್ರತಿಯೊಂದರಿಂದಲೂ ಚೂರು ಮಾಂಸ ತೆಗೆದು ಮದ್ಯಸಾರದ ಕೊಳವೆಗೆ ಹಾಕುವುದು, ವಾರಕ್ಕೊಮ್ಮೆ ಪ್ರಯೋಗಾಲಯಕ್ಕೆ ಒಯ್ಯುವುದು. ಬಂದ ಫಲಿತಾಂಶವೆಲ್ಲ ಒಂದೇ ಮಾತು ಹೇಳುತ್ತಿದೆ. ಇದು ಹಿನೊತಾನಿಯದು, ಬೇರೆಲ್ಲಿಯದೂ ಅಲ್ಲ.

ಯೋಕನ್ ಅಂಗಡಿಯ ಹುಡುಗಿ ಇವತ್ತು ಮೆಲ್ಲಗೆ ಕೇಳಿದಳು, "ಮೇಡಂ, ಚುನಾವಣೆಗೆ ನಿಂತಿದೀರಾ?"

ನವೆಂಬರ್ 29

ಸಹಕಾರ ಸಂಘದ ಅಂಗಡಿಯಲ್ಲಿ ಬೋನುಗಳು ಖಾಲಿಯಂತೆ. ಸಂಜೆಯಾದರೆ ಗಂಡಸರು ತಮ್ಮ ತಮ್ಮ ಬದುವಿನ ಮೇಲೆ ಮೀನಿಗೆ ಗಾಳ ಹಾಕಿದವರ ಹಾಗೆ ನಿಂತಿರುತ್ತಾರೆ. ನಾನು ಹಾದುಹೋದರೆ ಕೈಬೀಸುತ್ತಾರೆ. ಇಷ್ಟು ವರ್ಷ ಈ ಊರಿನಲ್ಲಿ ನನ್ನ ಕೆಲಸ ಏನೆಂದು ಕೇಳಿದವರಿರಲಿಲ್ಲ. ಈಗ ಇಡೀ ಊರು ನನ್ನದು. ಮನಸ್ಸು ತುಂಬಿ ಬಂತು.

ತಲೆಬುರುಡೆ ಮಾತ್ರ ಒಂದೂ ಸರಿಯಾಗಿದ್ದು ಬರುತ್ತಿಲ್ಲ. ಇಕ್ಕಳದ ಬೋನು ನೇರ ತಲೆಗೇ ಬಡಿಯುತ್ತದೆ. ಎತೊ-ಸಾನ್ ಹತ್ತಿರ ಇದನ್ನೇ ಹೇಳಿಕೊಂಡೆ. ಇವತ್ತು ಬದುವಿನ ಮೇಲೆ ನಡೆದು ಬಂದೆ. ಹೊಸ ಮಣ್ಣಿನ ಗುಪ್ಪೆಗಳು ಕಡಿಮೆ ಕಂಡವು. ಚಳಿಗೆ ಆಳಕ್ಕೆ ಇಳಿದಿರಬೇಕು.

ಡಿಸೆಂಬರ್ 11

ಎಲ್ಲ ಮುಳುಗಿತು. ಕಳೆದ ವಾರ ಕೊಗಾ ಮನೆಯವರು ಕೊಟ್ಟ ಮೊಗುರದ ಫಲಿತಾಂಶ ಬಂದಿದೆ. ಅದು ಬಯಲಿನದು. ಕಮರಿಯ ಕೆಳಗಿನದು! ಮತ್ತೊಮ್ಮೆ ಮಾಡಿಸಿದೆ, ಅದೇ. ಬಯಲಿನ ಮೊಗುರ ಇಲ್ಲಿಗೆ ಹತ್ತಿ ಬಂದಿದ್ದರೆ, ಎರಡೂ ಒಂದೇ ಗದ್ದೆಯಲ್ಲಿ ಬೆರೆತು ಬಾಳುತ್ತಿದ್ದರೆ, ನನ್ನ ಲಕ್ಷಾಂತರ ವರ್ಷದ ಕಥೆ ಕಸದ ಬುಟ್ಟಿಗೆ.

ಹಿರಾಮತ್ಸು ಕೇಳಿದರು, "ಕೊಳವೆ ಅದಲುಬದಲು ಮಾಡ್ಕೊಂಡ್ರಾ?" ಇಲ್ಲ ಎಂದು ಖಡಾಖಂಡಿತ ಹೇಳಬಹುದಿತ್ತು. "ಇರಬಹುದು, ಕ್ಷಮಿಸಿ" ಅಂದೆ. ಮಾಡದ ತಪ್ಪನ್ನೂ ಒಪ್ಪಿಕೊಂಡು ಬರುವ ಹೆಂಗಸು ನಾನು. ಊಟ ಸೇರಲಿಲ್ಲ.

ಡಿಸೆಂಬರ್ 14

ಕೊಗಾ ಮನೆಗೆ ಹೋಗಿದ್ದೆ. ಅತ್ತೆ ಒಳಗೆ ಟಿವಿ ನೋಡುತ್ತಿದ್ದರು, ಸೊಸೆ ಹಿತ್ತಿಲಲ್ಲಿ ಮೂಲಂಗಿ ತೊಳೆಯುತ್ತಿದ್ದಳು. ಆ ಮೊಗುರ ಯಾವ ಗದ್ದೆಯಲ್ಲಿ ಸಿಕ್ಕಿತು ಎಂದು ಕೇಳಿದೆ. ಅವಳ ಕೈ ನಿಂತುಹೋಯಿತು.

"ಗೊತ್ತಾಗೋಯ್ತಾ ಸೆನ್ಸೆ?"

"ಏನು?"

"ಬೈಬೇಡಿ. ಮೂರು ವಾರದಿಂದ ಬೋನು ಇಟ್ಟು ಇಟ್ಟು ಸಾಕಾಯ್ತು. ಒಂದೂ ಬೀಳ್ಲಿಲ್ಲ. ಎಲ್ಲರ ಮನೆ ದೇವರ ಮುಂದೂ ನಿಮ್ಮ ಯೋಕನ್ ಡಬ್ಬ, ನಮ್ಮನೇಲಿ ಮಾತ್ರ ಇಲ್ಲ. ಅತ್ತೆ ಹೊರಗೆ ಮುಖ ತೋರ್ಸೋ ಹಾಗಿಲ್ಲ ಅಂತ ಕೂತುಬಿಟ್ರು. ಅದಕ್ಕೇ ತವರಿಗೆ ಫೋನ್ ಮಾಡಿ ಅಣ್ಣನ ಕೈಲಿ ಕೆಳಗಿಂದ ಒಂದು ತರಿಸಿದೆ. ಕಪ್ಪಗೆ, ಗುಂಡಗೆ, ಎಲ್ಲ ಒಂದೇ ಥರ ಇರುತ್ತಲ್ಲ, ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ."

ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳಿಗೂ ಜೀವ ಬಂದು ನಕ್ಕಳು, ಟೀ ಕೊಟ್ಟಳು. ನನ್ನ ಸಿದ್ಧಾಂತ ಉಳಿಯಿತು, ಬಯಲಿನದು ಇಲ್ಲಿಗೆ ಹತ್ತಿ ಬಂದಿಲ್ಲ, ಕಾರಿನಲ್ಲಿ ಬಂದಿದೆ!

ಹಿಂದಿರುಗುವಾಗ ಸೇತುವೆಯ ಮೇಲೆ ಕಾಲು ನಿಂತುಬಿಟ್ಟಿತು. ಮೂರು ವಾರ ಬೋನು ಇಟ್ಟರೂ ಒಂದೂ ಬೀಳಲಿಲ್ಲ ಎಂದಳಲ್ಲ. ಗದ್ದೆಬಯಲಿಗೆಲ್ಲ ಮೊಗುರ ಹೆಚ್ಚಿದ್ದುದೇ ಅವರ ಬದುವಿನಲ್ಲಿ.

ಡಿಸೆಂಬರ್ 15

ಬೆಳಿಗ್ಗೆಯಿಂದ ಬದುಗಳ ಮೇಲೆ ಸುರಂಗಗಳನ್ನು ಹುಡುಕಿ ಹುಡುಕಿ ತುಳಿದು ಬಂದೆ. ತುಳಿದ ಕಡೆಯಲ್ಲೆಲ್ಲ ಒಂದು ಕಡ್ಡಿ ನೆಟ್ಟಿದ್ದೇನೆ. ಒಳಗೆ ಜೀವವಿದ್ದರೆ ಕುಸಿದ ದಾರಿಯನ್ನು ಮರುದಿನದೊಳಗೆ ಸರಿಮಾಡಿಕೊಳ್ಳುತ್ತದೆ. ಮಣ್ಣು ಮತ್ತೆ ಉಬ್ಬುತ್ತದೆ, ಕಡ್ಡಿ ವಾಲುತ್ತದೆ.

ಡಿಸೆಂಬರ್ 16

ಒಂದು ಕಡ್ಡಿಯೂ ವಾಲಿಲ್ಲ.

ಡಿಸೆಂಬರ್ 18

ಇಲ್ಲ.

ಡಿಸೆಂಬರ್ 21

ಮನೆಮನೆಗೆ ಹೋಗಿ ಹೇಳಿದೆ. "ತುಂಬಾ ಉಪಕಾರ ಆಯ್ತು. ನಿಮಗೆಲ್ಲ ಬಹಳ ತೊಂದರೆ ಕೊಟ್ಟೆ. ಇನ್ನು ಸಾಕು, ದಯವಿಟ್ಟು ಬೇಡ." ಎಲ್ಲರೂ ತಲೆಯಾಡಿಸಿದರು. ಎಲ್ಲರೂ ಮುಗುಳ್ನಕ್ಕರು. ನಿರಾಳವಾಗಿ ಮನೆಗೆ ಬಂದೆ.

ಡಿಸೆಂಬರ್ 23

ಬಾಗಿಲಲ್ಲಿ ಮೀನಿನ ಐಸ್ ಪೆಟ್ಟಿಗೆ. ಒಳಗೆ ಎರಡು ಮೊಗುರ. ತೊಳೆದು, ಕೂದಲು ಬಾಚಿ, ಐಸಿನ ಮೇಲೆ ಅಕ್ಕಪಕ್ಕ ಮಲಗಿಸಿದ್ದರು. ಹೊಸವರ್ಷಕ್ಕೆಂದು ಒಂದು ಪೈನ್ ಚಿಗುರು ಬೇರೆ.

ಎತೊ-ಸಾನ್ ಮನೆಗೆ ಓಡಿದೆ. "ನಾನು ಬೇಡ ಅಂದಿದ್ದೆನಲ್ಲ!"

"ಅಂದ್ರಿ, ಅಂದ್ರಿ. ನಿಮ್ಮ ಸಂಕೋಚ ನಮಗೆ ಗೊತ್ತಾಗಲ್ವಾ? ಅಷ್ಟು ಬಗ್ಗಿ ಬಗ್ಗಿ ಹೇಳಿದ ಮೇಲೂ ಸುಮ್ನೆ ಕೂತ್ರೆ ಊರಿನ ಮರ್ಯಾದೆ ಏನಾಗ್ಬೇಕು? ಹೊಳೆ ಅಂಚಲ್ಲಿ ಅಗೆದು ಅಗೆದು ತೆಗೆದ್ವಿ. ಈಗ ಸಿಗೋದೇ ಕಷ್ಟ ಆಗಿದೆ ನೋಡಿ."

ಅವರ ಹೆಂಡತಿ ಟೀ ತಂದರು. ಕುಡಿದೆ. ಚೆನ್ನಾಗಿದೆ ಅಂದೆ. ಥೂ, ನನ್ನ ನಾಲಿಗೆಗಿಷ್ಟು ಬೆಂಕಿ ಬೀಳ.

ಡಿಸೆಂಬರ್ 25

ಹಿರಾಮತ್ಸುಗೆ ಫೋನಿನಲ್ಲಿ ಎಲ್ಲ ಹೇಳಿದೆ. ಈ ಪ್ರಭೇದ ಮುಗಿದೇ ಹೋಗಿರಬಹುದು, ಮುಗಿಸಿದವಳು ನಾನೇ ಎಂದೆ.

"ದುಃಖದ ವಿಷಯ. ಆದ್ರೆ ಒಂದು ರೀತೀಲಿ ಪ್ರಬಂಧಕ್ಕೆ ತೂಕ ಬರುತ್ತೆ. ಹೆಸರಿಡೋ ಮೊದಲೇ ಅಳಿದ ಪ್ರಾಣಿ ಅಂದ್ರೆ ಪತ್ರಿಕೆಯವರು ಓಡಿ ಬರ್ತಾರೆ. ಆ ತಲೆಬುರುಡೆ ಒಂದು ಸಿಕ್ಬಿಟ್ರೆ ಸಾಕು, ಕುರಾತೊಮಿ-ಸಾನ್. ಇನ್ನೊಂದೇ ಒಂದು."

"ಪ್ರಯತ್ನ ಮಾಡ್ತೀನಿ" ಎಂದಿತು ನನ್ನ ಬಾಯಿ.

ಜನವರಿ 14

ಮೊಗುರ ಬಡಿಯುವ ಹಬ್ಬ. ಮಕ್ಕಳು ಹುಲ್ಲು ಸುತ್ತಿದ ಬಿದಿರು ಹಿಡಿದು ಮನೆಮನೆಗೆ ಬಂದರು. ನಮ್ಮಂಗಳದಲ್ಲೂ ಧಪ್ ಧಪ್ ಎಂದು ನೆಲ ಬಡಿದು ಕಿರುಚಿದರು. ಪ್ರತಿಯೊಬ್ಬರಿಗೂ ಮೋಚಿ ಎಂಬ ಅಕ್ಕಿಯ ಉಂಡೆ ಕೊಟ್ಟೆ. ಕೆಳಗೆ ಕೇಳಿಸಿಕೊಳ್ಳಲು ಯಾರೂ ಉಳಿದಿಲ್ಲ ಎಂದು ಮಕ್ಕಳಿಗೆ ಹೇಗೆ ಹೇಳುವುದು?

ಜನವರಿ 17

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಶಿಗೆನೊ ಅಜ್ಜಿ ಉಪ್ಪಿನಕಾಯಿಯ ಮರದ ತೊಟ್ಟಿಯನ್ನು ಎದೆಗವಚಿಕೊಂಡು ಬಂದರು. ಮುಖ ಅರಳಿತ್ತು. "ತಲೆ ಮುಕ್ಕಾಗದೆ ಇರೋದು ಬೇಕಂತೆ ನಿನಗೆ. ಎತೊ ಹೇಳ್ದ. ಅದಕ್ಕೇ ನಮ್ಮೆಜಮಾನ್ರ ಕಾಲದ ಡಬ್ಬಿ ಬೋನು ಹುಡುಕಿ ತೆಗೆದೆ. ಕೊಟ್ಟಿಗೆ ಹಿಂದೆ, ಬಿದಿರು ಮೆಳೆ ಹತ್ರ ಇಟ್ಟಿದ್ದೆ. ನೋಡು, ಒಂದು ಗೀರೂ ಬಿದ್ದಿಲ್ಲ."

ಬಗ್ಗಿ ನೋಡಿದೆ. ತೊಟ್ಟಿಯ ತಳದ ಒಂದು ಹಿಡಿ ಮಣ್ಣಿನಲ್ಲಿ ಅದು ಈಜುತ್ತಿತ್ತು. ಗುಲಾಬಿ ಬಣ್ಣದ ಕೈಗಳಿಂದ ಮರವನ್ನು ಕೆರೆಯುತ್ತ, ಮೂಗನ್ನು ಎತ್ತಿ ಎತ್ತಿ ಗಾಳಿಯನ್ನು ಹುಡುಕುತ್ತ. ಅಜ್ಜಿಯ ಕೊಟ್ಟಿಗೆಯ ಹಿಂದೆ ನಾನು ಕಡ್ಡಿ ನೆಟ್ಟೇ ಇರಲಿಲ್ಲ.

ಒಳಗೆ ಹೋದೆ. ಕಪಾಟಿನಿಂದ ಕ್ಲೋರೋಫಾರ್ಮ್ ಬಾಟಲಿ ತೆಗೆದೆ, ಹತ್ತಿಯನ್ನೂ ಹರಿದೆ. ಐದು ನಿಮಿಷದ ಕೆಲಸ. ಹೆಸರು, ಪ್ರಬಂಧ, ಕೆಲಸ, ಎಲ್ಲ ಆ ತೊಟ್ಟಿಯಲ್ಲಿತ್ತು. ಹತ್ತಿಯನ್ನು ಒಲೆಗೆ ಎಸೆದು ಹೊರಗೆ ಬಂದೆ.

"ಬೇಡ ಅಜ್ಜಿ. ತೊಗೊಳ್ಳಲ್ಲ."

"ನಿನ್ನ ಸಂಕೋಚ ಸುಡ್ಲಿ! ಹಿಡ್ಕೋ."

"ಸಂಕೋಚ ಅಲ್ಲ. ನನಗೆ ಬೇಡ."

ಅವರು ನಕ್ಕರು. ತೊಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಹೊರಟೇಬಿಟ್ಟರು. ಅದನ್ನು ನಾನೇ ಬಿಟ್ಟು ಬಂದರೂ ಏನು ಬಂತು? ನಾಳೆ ಅದೇ ಬೋನು, ಅದೇ ಮೆಳೆ. ನಾನು ಏನು ಕೊಟ್ಟರೂ ಅದಕ್ಕೆ ಪ್ರತಿಯಾಗಿ ತರುತ್ತಾರೆ, ಏನು ಬೇಡವೆಂದರೂ ವಿನಯವೆಂದುಕೊಂಡು ತರುತ್ತಾರೆ. ಆಗ ಈ ಊರಿನಲ್ಲಿ, ಈ ನಾಡಿನಲ್ಲೇ, ಯಾರೂ ಬಾಯಿಬಿಟ್ಟು ಹೇಳದ ಮಾತನ್ನು ಹೇಳಿದೆ.

"ಅಜ್ಜಿ, ನಿಮ್ಮನೆಗೆ ನಾನು ಐದು ಡಬ್ಬ ಯೋಕನ್ ಕೊಟ್ಟಿದೀನಿ."

ಅವರು ತಿರುಗಿದರು.

"ಅದು ಇನ್ನೂ ತೀರಿಲ್ಲ. ತೀರಿಸ್ಬೇಕಂದ್ರೆ ಇದನ್ನ ಹಿಡಿದಲ್ಲೇ ವಾಪಸ್ ಬಿಡಿ. ಆ ಬೋನು ತೆಗೀರಿ. ಇನ್ಯಾವತ್ತೂ ಇಡ್ಬೇಡಿ. ಊರಲ್ಲೂ ಹೇಳಿ, ಆ ಸೆನ್ಸೆ ಕೊಟ್ಟಿದ್ದನ್ನೆಲ್ಲ ಎಣಿಸಿ ಇಟ್ಕೊಂಡಿದಾಳೆ, ಇನ್ನು ಅವಳ ಬಾಗಿಲಿಗೆ ಯಾರೂ ಏನೂ ತರಬೇಡಿ ಅಂತ."

"ಎಣಿಸಿದ್ಯಾ?" ಎಂದರು ಅಜ್ಜಿ. ಬಹಳ ಮೆಲ್ಲಗೆ. "ಕೊಟ್ಟಿದ್ದನ್ನ ಎಣಿಸಿದ್ಯಾ ನೀನು?"

"ಹೌದು."

ಎಣಿಸಿರಲಿಲ್ಲ. ಐದೋ ಆರೋ ನನಗೇ ಗೊತ್ತಿಲ್ಲ. ಕೆನ್ನೆಗೆ ಹೊಡೆಸಿಕೊಂಡವರ ಹಾಗೆ ಅವರ ಮುಖ ಕೆಂಪಾಯಿತು. ತೊಟ್ಟಿ ಎತ್ತಿಕೊಂಡರು. ನಾನು ಹಿಂದೆ ಹಿಂದೆ ಹೋದೆ. ಬಿದಿರು ಮೆಳೆಯ ಬಳಿ ತೊಟ್ಟಿಯನ್ನು ಓರೆ ಮಾಡಿದರು. ಅದು ಒಂದು ಕ್ಷಣ ಬೆಳಕಿನಲ್ಲಿ ಮಂಕಾಗಿ ಕೂತು, ಕೈಬೀಸಿ ಮಣ್ಣನ್ನು ಬಿಡಿಸಿಕೊಂಡು ಒಳಗೆ ಹೋಯಿತು. ಅಜ್ಜಿ ಬೋನನ್ನು ಕಿತ್ತು ನನ್ನ ಕಾಲ ಬಳಿ ಹಾಕಿ ಒಳಗೆ ಹೋಗಿ ಬಾಗಿಲೆಳೆದುಕೊಂಡರು.

ನನ್ನನ್ನು ಮಗಳ ಹಾಗೆ ನೋಡಿಕೊಂಡ ಹೆಂಗಸು.

ಜನವರಿ 25

ಊರಿನ ಸೂಚನೆಯ ಹಲಗೆ ಮನೆಯಿಂದ ಮನೆಗೆ ದಾಟುತ್ತ ಬರುತ್ತದೆ. ಈ ಸಲ ನನ್ನ ಮನೆಯನ್ನು ಬಿಟ್ಟು ಮುಂದೆ ಹೋಯಿತು. ಕಿಟಕಿಯಿಂದ ನೋಡಿದೆ, ಕೊಗಾ ಸೊಸೆ ತಲೆತಗ್ಗಿಸಿ ಬೇಗಬೇಗ ದಾಟಿದಳು. ಎತೊ-ಸಾನ್ ಎದುರಾದರೆ ಬೆಟ್ಟ ನೋಡುತ್ತಾರೆ.

ಬದುಗಳ ಮೇಲೆ ಬೋನು ಒಂದೂ ಕಾಣುತ್ತಿಲ್ಲ. ಯಾರೂ ಏನೂ ತರುವುದಿಲ್ಲ. ಒಂದು ಮೂಲಂಗಿಯನ್ನೂ ತರುವುದಿಲ್ಲ.

ಫೆಬ್ರವರಿ 3

"ತಲೆಬುರುಡೆ?" ಎಂದರು ಹಿರಾಮತ್ಸು.

"ಸಿಗಲಿಲ್ಲ."

"ಜೀವಂತವಾಗಿ ಒಂದೂ?"

"ಇಲ್ಲ."

"ಇನ್ನೊಂದು ತಿಂಗಳು ನೋಡ್ತೀರಾ?"

"ಇಲ್ಲ."

ಕರಾರು ಮುಂದುವರಿಯುವುದಿಲ್ಲ. ಜಜ್ಜಿದ ಮೊಗುರಗಳನ್ನೆಲ್ಲ ಚೀಟಿ ಕಟ್ಟಿ ಮ್ಯೂಸಿಯಮ್ಮಿನ ಕಪಾಟಿಗೆ ಸೇರಿಸಿ ಬಂದೆ. ಹೆಸರಿನ ಜಾಗ ಖಾಲಿ. ದಾರಿಯಲ್ಲಿ ಹಸಿವಾಗಿ ಎರಡು ಬಟ್ಟಲು ನೂಡಲ್ಸ್ ತಿಂದೆ. ಯಾಕಷ್ಟು ಹಸಿವಾಯಿತೋ.

ಮಾರ್ಚ್ 8

ಅಜ್ಜಿಯ ಕೊಟ್ಟಿಗೆಯ ಹಿಂದಕ್ಕೆ ಕಾಲಿಡುವಂತಿಲ್ಲ. ದಿನಾ ರಸ್ತೆಯಲ್ಲಿ ನಿಂತು ದುರ್ಬೀನಿನಿಂದ ನೋಡುತ್ತೇನೆ. ಬಿದಿರೆಲೆ ಬಿದ್ದು ನೆಲವೇ ಕಾಣುವುದಿಲ್ಲ. ಬದುಕಿದೆಯೋ, ಆ ಚಳಿಯಲ್ಲಿ ಹೆದರಿಕೆಗೇ ಸತ್ತಿತೋ. ಬದುಕಿದ್ದರೂ ಒಂಟಿ. ಒಂಟಿಯಾಗಿ ಉಳಿದರೆ ಅದು ಬರಿಯ ತಡವಾದ ಸಾವು. ಇದನ್ನು ಯೋಚಿಸದ ಹೊತ್ತಿಲ್ಲ.

ಮಾರ್ಚ್ 27

ಸಾಮಾನು ಕಾರಿಗೆ ಹಾಕಿದ್ದಾಯಿತು. ಬೀಗದ ಕೈ ಕೊಡಲು ಅಜ್ಜಿಯ ಮನೆಗೆ ಹೋದೆ. ಜೊತೆಗೆ ಅವರ ಮಂಡಿನೋವಿಗೆಂದು ಒಂದು ಜೊತೆ ಉಣ್ಣೆಯ ಪಟ್ಟಿ ಹೆಣೆದಿದ್ದೆ, ಕಾಗದದಲ್ಲಿ ಸುತ್ತಿ ಒಯ್ದೆ. ಕೂಗಿದೆ. ಬಾಗಿಲು ತೆರೆಯಲಿಲ್ಲ. ಮರದ ಚೌಕಟ್ಟಿಗೆ ಕಾಗದ ಹಚ್ಚಿದ ಆ ಬಾಗಿಲಿನ ಹಿಂದೆ ಅವರು ಕೂತಿರುವುದು ನೆರಳಿನಲ್ಲಿ ಕಾಣುತ್ತಿತ್ತು.

"ಕೈ ಅಲ್ಲೇ ಮೊಳೆಗೆ ತೂಗಾಕು" ಎಂದರು.

ತೂಗುಹಾಕಿದೆ. ಹೊರಡದೆ ಅಲ್ಲೇ ನಿಂತೆ.

"ಎರಡು ಕಡೆ ಮಣ್ಣೆದ್ದಿದೆ" ಎಂದರು ಅಜ್ಜಿ ಒಳಗಿನಿಂದ. "ಒಂದು ಮೆಳೆ ಹತ್ರ. ಇನ್ನೊಂದು ಅಲ್ಲಿ, ಹೊಳೆ ಕಡೆ ಬದುವಲ್ಲಿ. ಎರಡೂ ಒಂದೇ ಬೆಳಿಗ್ಗೆ ಎದ್ದಿತ್ತು. ಒಂದೇ ಪ್ರಾಣಿ ಅಷ್ಟು ದೂರ ಹೋಗಲ್ಲ ಅಂತ ನೀನೇ ಹೇಳಿದ್ದೆ. ಬದು ಸೋರ್ತಾ ಇದೆ. ಸೋರ್ಲಿ ಅಂತ ಬಿಟ್ಟಿದೀನಿ. ನಾನು ಬೋನಿಟ್ಟಿಲ್ಲ, ಇಡೋಕೆ ಯಾರನ್ನೂ ಬಿಡೋದೂ ಇಲ್ಲ."

ಹೊಳೆಯ ಕಡೆಗೆ ತಿರುಗಿ ನೋಡಿದೆ.

"ಐದು ಡಬ್ಬದ ಲೆಕ್ಕ ತೀರ್ತು ಸೆನ್ಸೆ. ಇನ್ನು ನಿನಗೂ ನಮಗೂ ಕೊಡೋದು ತೊಗೊಳೋದು ಏನೂ ಇಲ್ಲ. ಹೋಗು."

ಎರಡು. ಬಿಕ್ಕಿ ಬಿಕ್ಕಿ ಅತ್ತೆ, ಅಲ್ಲೇ ನಿಂತುಕೊಂಡು, ಮಗುವಿನ ಹಾಗೆ. ಅವರಿಗೂ ಕೇಳಿಸಿರಬೇಕು. ನೆರಳು ಅಲುಗಲಿಲ್ಲ. ಕಾಗದದ ಪೊಟ್ಟಣವನ್ನು ಹೊಸ್ತಿಲಲ್ಲಿಡಲು ಬಗ್ಗಿದವಳು ಹಾಗೇ ಎದ್ದು, ಮುಚ್ಚಿದ ಬಾಗಿಲಿಗೆ ತಲೆಬಾಗಿ, ಅದನ್ನು ವಾಪಸ್ ತೆಗೆದುಕೊಂಡು ಬಂದೆ. ಇಟ್ಟು ಬಂದಿದ್ದರೆ ಅಜ್ಜಿ ಅದಕ್ಕೆ ಪ್ರತಿಯಾಗಿ ಏನನ್ನಾದರೂ ಹುಡುಕಬೇಕಾಗುತ್ತಿತ್ತು.